ನೀನು ಕೂರದ ಕುರ್ಚಿ

ಬ್ಯಾಗ್ ಕಾರ್ಖಾನೆಯ ಹಿಂದಿನ ಮನೆ,
ತಾರೀಖು ಹನ್ನೊಂದು, ಮಂಗಳವಾರ ಸಂಜೆ

ಪ್ರೀತಿಯ ಪುಟ್ಟಾ,

ಅಜ್ಜಿ ನಿನ್ನ ತಲೆ ಸವರಿದಳು ಎಂದುಕೊಂಡು ಮುಂದೆ ಓದು. ಹೇಗಿದ್ದೀಯ? ಕಾಲಿನ ಊತ ಇಳಿಯಿತೇ? ದಿನವಿಡೀ ವಾರ್ಡಿನಲ್ಲಿ ನಿಂತೇ ಇರುವ ನರ್ಸಿಗೆ ಬಿಗಿಯಾದ ಕಾಲುಚೀಲ ಬೇಕು ಎಂದು ನೀನೇ ಹೇಳಿದ್ದೆ. ತೆಗೆದುಕೊಂಡೆಯೋ, ಅದನ್ನೂ ನೋಡೋಣ ಎಂದು ಮುಂದಕ್ಕೆ ಹಾಕಿದೆಯೋ? ರೋಗಿಗಳಿಗೆ ಹೊತ್ತು ಹೊತ್ತಿಗೆ ತಿನ್ನಿಸಿ ನೀನು ಮಾತ್ರ ಓಡುತ್ತಲೇ ನುಂಗುವ ಚಾಳಿ ಬಿಡು. ನನ್ನ ವಿಚಾರ ಹೇಳಬೇಕೆಂದರೆ ಮಂಡಿ ಮಾತು ಕೇಳುವುದಿಲ್ಲ, ಕಣ್ಣು ಅರ್ಧಂಬರ್ಧ ಕೇಳುತ್ತದೆ, ನಾಲಿಗೆ ಗಟ್ಟಿಮುಟ್ಟಾಗಿದೆ. ನಿನ್ನಮ್ಮ ಆರಾಮಾಗಿದ್ದಾಳೆ. ನಾನೂ ನಿನ್ನಪ್ಪನೂ ಜಗಳಕ್ಕೆ ಬಿದ್ದಾಗ ರೇಡಿಯೋ ಜೋರು ಮಾಡಿಕೊಂಡು ಕೂರುತ್ತಾಳೆ. ಈಚೆಗೆ ಆ ರೇಡಿಯೋಗೆ ಪುರುಸೊತ್ತೇ ಇಲ್ಲ. ಯಾಕೆಂದರೆ ನಿನ್ನಪ್ಪ, ನಾನೇ ಹೆತ್ತವನಾದರೂ ಹೇಳುತ್ತೇನೆ, ಕಣ್ಣಿದ್ದೂ ಕುರುಡನ ಹಾಗೆ ಆಡುತ್ತಿದ್ದಾನೆ.

ಆ ಕುರ್ಚಿ ನೆನಪಿದೆಯಲ್ಲ? ನೀನು ನರ್ಸಿಂಗ್ ಓದಲು ಹೋದ ವರ್ಷವೇ ಕಾರ್ಖಾನೆಯಲ್ಲಿ ತನ್ನ ಕೋಣೆಯ ಪಕ್ಕದಲ್ಲಿ ಇನ್ನೊಂದು ಕೋಣೆ ಕಟ್ಟಿಸಿ, ಬಾಗಿಲಿಗೆ ಮ್ಯಾನೇಜರ್ ಎಂದು ಬರೆಸಿ, ಗರಗರ ತಿರುಗುವ ಕುರ್ಚಿ ತರಿಸಿ ಇಟ್ಟನಲ್ಲ, ಅದು. ಅದರ ಪ್ಲಾಸ್ಟಿಕ್ ಇನ್ನೂ ಬಿಚ್ಚಿಲ್ಲ. ಮೊನ್ನೆ ಮಂಡಿ ತಡೆಯಲಾರದೆ ನಾನು ಹೋಗಿ ಕೂತೆ. “ಅಮ್ಮಾ, ಅದು ಅವನ ಜಾಗ, ಏಳು” ಎಂದ ಮಹಾರಾಯ. ಇವನನ್ನು ಮಡಿಲಿನಿಂದ ಕೆಳಗಿಳಿಸದೆ ಬೆಳೆಸಿದವಳನ್ನು ಕುರ್ಚಿಯಿಂದ ಎಬ್ಬಿಸಿದ! ಎದ್ದೆ. ಏಳುವಾಗ ಬೇಕೆಂದೇ ಒಂದು ಸುತ್ತು ತಿರುಗಿಸಿಬಿಟ್ಟು ಬಂದೆ.

ಕುರ್ಚಿ ಖಾಲಿ ಇದ್ದರೆ ಧೂಳು ಒರೆಸಿಕೊಂಡು ಇರಬಹುದಿತ್ತು. ಆದರೆ ಅದರಲ್ಲಿ ಕೂತವರು ಮಾಡಬೇಕಾದ ಕೆಲಸವೂ ಹಾಗೇ ಬಿದ್ದಿದೆಯಲ್ಲ! ಶಾಲೆ ಶುರುವಾಗುವ ಮುಂಚೆ ನಮಗೆ ಆರ್ಡರ್ ಹೇಗೆ ನುಗ್ಗುತ್ತವೆ ಎಂದು ನಿನಗೆ ಗೊತ್ತು. ಯಾರು ಬಿಟ್ಟು ಹೋಗುತ್ತಾರೆ, ಯಾರ ಕಣ್ಣು ಮಂಜಾಯಿತು, ಯಾವ ಯಂತ್ರಕ್ಕೆ ಯಾರನ್ನು ತಯಾರು ಮಾಡಬೇಕು ಎಂದು ಕೆಲಸ ಕಡಿಮೆ ಇರುವ ತಿಂಗಳುಗಳಲ್ಲೇ ಯೋಚಿಸಬೇಕು. ಕತ್ತರಿ ಎಂದು ನಾವೆಲ್ಲ ಕರೆಯುವವಳು ಇದನ್ನೇ ಹೋದ ವರ್ಷ ಹೇಳಿ ಹೇಳಿ ಸಾಕಾದಳು. ನೀನಿದ್ದಾಗ ಬಟ್ಟೆ ಕತ್ತರಿಸುವ ಮೇಜಿನಲ್ಲಿ ಇರುತ್ತಿದ್ದಳಲ್ಲ, ಅದೇ ಗಂಟಲು ದೊಡ್ಡ ಹೆಂಗಸು. ಈಗ ಇಡೀ ಹೊಲಿಗೆ ವಿಭಾಗ ಅವಳದೇ. “ಸಾರ್, ಈಗ್ಲೇ ಜನ ತಗೊಳ್ಳಿ, ಕೈ ಪಳಗ್ಲಿ. ಸೀಸನ್ ಬಂದ್ಮೇಲೆ ಕಲಿಸೋಕೆ ನಂಗೇನು ನಾಲ್ಕು ಕೈ ಇದ್ಯಾ?” ಎಂದಳು. ನಿನ್ನಪ್ಪನ ಉತ್ತರ ಒಂದೇ. “ಜನ ತಗೊಳೋದು ಬಿಡೋದು ಎಲ್ಲ ಮಗ ಬಂದು ನೋಡ್ಕೋತಾನೆ.”

ಮಗ ಬರಲಿಲ್ಲ, ಸೀಸನ್ ಬಂತು. ಹಳೆಯ ಟೈಲರುಗಳಲ್ಲಿ ಕೆಲವರು ಆಗಲೇ ಬೇರೆ ಕಡೆ ಸೇರಿದ್ದರು. ನಿನ್ನಪ್ಪ ಗೇಟಿನಲ್ಲಿ ನಿಂತು ಬದನೆಕಾಯಿ ಆರಿಸಿದ ಹಾಗೆ ಜನ ಆರಿಸಿದ. “ಮಿಷನ್ ಗೊತ್ತಾ? ಬಾ ಒಳಗೆ.” ದಿಂಬಿನ ಕವರ್ ಬಿಟ್ಟರೆ ಬೇರೇನೂ ಹೊಲಿಯದವಳನ್ನು ಹೆಗಲ ಪಟ್ಟಿ ಹೊಲಿಯುವ ದಪ್ಪ ಸೂಜಿಯ ಮುಂದೆ ಕೂರಿಸಿದ. ಪಾಪ, ಅವಳ ತಪ್ಪೇನಿದೆ? ಪುಸ್ತಕ ತುಂಬಿದ ಎರಡನೇ ದಿನಕ್ಕೇ ಪಟ್ಟಿಗಳು ಕಿತ್ತುಬಂದವು. ಹೋದ ಲಾರಿಯಲ್ಲೇ ಬ್ಯಾಗುಗಳು ತಿರುಗಿ ಬಂದವು. ದಾರದ ತುದಿ ಕತ್ತರಿಸುವ ನನ್ನ ಕೆಲಸ ಬಿಟ್ಟು ಹೊಲಿಗೆ ಬಿಚ್ಚುತ್ತಾ ಕೂತೆ. ಬೆರಳು ಇನ್ನೂ ನೆಟ್ಟಗಾಗಿಲ್ಲ, ಈ ಅಕ್ಷರ ನೋಡಿದರೇ ತಿಳಿಯುತ್ತದೆ.

ಆ ಬಿಸಿ ತಾಗಿ ನಿನ್ನಪ್ಪ ಒಬ್ಬ ಸಲಹೆಗಾರನನ್ನು ಕರೆಸಿದ. ಒಳ್ಳೆಯ ಹುಡುಗನೇ, ಕೂದಲು ಮಾತ್ರ ನೆಕ್ಕಿದ ಹಾಗೆ. ಗೋಡೆಗೆ ದೊಡ್ಡ ಹಾಳೆ ಅಂಟಿಸಿ ಡಬ್ಬಿ ಡಬ್ಬಿ ಬರೆದು, ಯಾರ ಕೆಳಗೆ ಯಾರು, ಯಾರು ಹೋದರೆ ಯಾರು ಎಂದು ಗೆರೆ ಎಳೆದ. ಎಲ್ಲ ಗೆರೆಗಳೂ ಮ್ಯಾನೇಜರ್ ಎಂಬ ಒಂದು ಡಬ್ಬಿಗೆ ಬಂದು ನಿಂತವು. “ಸಾರ್, ಇದು ಖಾಲಿ ಇದ್ರೆ ಕೆಳಗಿನೋರಿಗೆ ಮೇಲೆ ಹೋಗೋ ದಾರಿನೇ ಇಲ್ಲ. ಕೆಲ್ಸ ಬಲ್ಲೋರು ಯಾರೂ ನಿಲ್ಲಲ್ಲ” ಎಂದ. “ಖಾಲಿ ಎಲ್ಲಿದೆ? ನನ್ನ ಮಗ ಇದಾನಲ್ಲ” ಎಂದು ನಿನ್ನಪ್ಪ ತಾನೇ ಪೆನ್ನು ಕಿತ್ತುಕೊಂಡು ಡಬ್ಬಿಯೊಳಗೆ ನಿನ್ನ ಹೆಸರು ಬರೆದ. ಹುಡುಗ ಸುತ್ತಮುತ್ತ ನೋಡಿದ. ನೀನೆಲ್ಲೋ ಬಾಗಿಲ ಹಿಂದೆ ಇದ್ದೀಯ ಅಂದುಕೊಂಡಿರಬೇಕು. ಕೊನೆಗೆ ನನ್ನನ್ನು ನೋಡಿದ. ನಾನು ದಾರ ಕತ್ತರಿಸಿದೆ.

ಹೋದ ವಾರ ಕತ್ತರಿ ನಿನ್ನಪ್ಪನ ಮುಂದೆ ನಿಂತಳು. ಪುಟ್ಟಾ, ನನಗೆ ಅವಳನ್ನು ಕಂಡರೆ ಆಗುವುದಿಲ್ಲ, ಅದು ಗೊತ್ತಿರಲಿ. “ಅಜ್ಜೀ, ನೀವಿದ್ರೆ ಇವರ ಬಾಯಿ ಓಡುತ್ತೆ, ಕೈ ಓಡಲ್ಲ” ಎಂದು ನನ್ನ ಸ್ಟೂಲನ್ನು ಎಲ್ಲರ ಮಧ್ಯದಿಂದ ಎತ್ತಿ ಪ್ಯಾಕಿಂಗ್ ಮೂಲೆಗೆ ತಳ್ಳಿದವಳು ಅವಳೇ. ಒಂದು ಒಳ್ಳೆಯ ಮಾತು ಅವಳ ಬಾಯಿಂದ ಬೀಳುವುದಿಲ್ಲ. ಹಾಗಿದ್ದರೂ ಅವಳು ರಜೆ ಹಾಕಿದ ದಿನ ಆ ಹಜಾರ ಹೇಗಿರುತ್ತದೆ ಎಂದು ನಾನು ನೋಡಿದ್ದೇನೆ. ಜಿಪ್ ಒಂದು ಕಡೆ, ಬಟ್ಟೆ ಒಂದು ಕಡೆ, ನಿನ್ನಪ್ಪ ಒಂದು ಕಡೆ. “ಆ ಬಾಗಿಲ ಮೇಲೆ ಬರೆದಿರೋ ಕೆಲ್ಸ ನಾನೇ ಮಾಡ್ತಾ ಇದೀನಿ ಸಾರ್, ಒಳಗೆ ಬರ್ಲಾ?” ಎಂದು ನೇರವಾಗಿ ಕೇಳಿದಳು. ಇವನು ಇನ್ನೊಂದು ವರ್ಷ ತಡಿ ಎಂದ. ಅದಕ್ಕೆ ಅವಳು, “ಇರೋನ ಜೊತೆ ಪೈಪೋಟಿ ಮಾಡ್ಬಹುದು ಸಾರ್. ಬರ್ತಾನೇ ಇರೋನ ಜೊತೆ ಹೇಗ್ ಮಾಡ್ಲಿ?” ಎಂದು ಅವತ್ತೇ ರಾಜೀನಾಮೆ ಬರೆದು ಮೇಜಿನ ಮೇಲಿಟ್ಟಳು. ಸೂಟ್‌ಕೇಸ್ ಮಾಡುವ ಕಂಪನಿಯವರು ಅವಳನ್ನು ಕರೆದಿದ್ದಾರಂತೆ. ಪಟ್ಟಿ ಹೊಲಿಯುವ ಇಬ್ಬರು ಒಳ್ಳೆಯ ಟೈಲರುಗಳೂ ಅವಳ ಹಿಂದೆ ಹೊರಡುತ್ತಾರೆ. ಈ ವರ್ಷದ ಆರ್ಡರ್ ಬಾಗಿಲಿಗೆ ಬಂದು ನಿಂತಿದೆ. ಇನ್ನೊಂದು ಸಲ ಲಾರಿ ತಿರುಗಿ ಬಂದರೆ ಕಾರ್ಖಾನೆ ಮುಚ್ಚಬೇಕಾದೀತು. ಅಲ್ಲಿ ತುತ್ತಿಗಾಗಿ ದುಡಿಯುವವರೆಲ್ಲ ಎಲ್ಲಿಗೆ ಹೋಗಬೇಕು?

ನಿನ್ನಪ್ಪನನ್ನು ಹಿಡಿದು ಬೈದೆ. ಅವನು ಬರಲ್ಲ ಕಣೋ, ಅವಳನ್ನ ಕೂರಿಸೋ ಎಂದೆ. ನನ್ನ ಮುಖ ನೋಡಿ ಮೆಲ್ಲಗೆ ಕೇಳಿದ, “ಬರಲ್ಲ ಅಂತ ಅವನು ಯಾವತ್ತಾದ್ರೂ ಹೇಳಿದಾನಾ ಅಮ್ಮ?” ನಿಜವಾಗಿಯೂ ನೀನು ಹೇಳಿಲ್ಲ. ಅವನು ಯಾವಾಗ ಬರ್ತೀಯ ಎಂದರೆ ನೀನು “ನೋಡೋಣ ಅಪ್ಪಾ” ಎಂದು ಫೋನ್ ಇಡುತ್ತೀಯ. ಅವನ ಮನಸ್ಸು ನೋಯಬಾರದೆಂದು ಹಾಗೆ ಹೇಳುತ್ತೀಯ, ನನಗೆ ತಿಳಿಯದೇ? ಆದರೆ ನಿನಗೆ ಅದು ಮಾತು ಮುಗಿಸುವ ದಾರಿ. ಅವನಿಗೆ ಇನ್ನೊಂದು ವರ್ಷದ ಲೆಕ್ಕಾಚಾರ. ಕುರ್ಚಿಯ ಪ್ಲಾಸ್ಟಿಕ್ ಒರೆಸಿ ಬರುತ್ತಾನೆ. ಇಷ್ಟು ದಿನ ಅವನನ್ನೇ ಬೈಯುತ್ತಿದ್ದೆ. ಈಗ ನಿನ್ನ ಮೇಲೂ ಸಿಟ್ಟು ಬರುತ್ತಿದೆ ಪುಟ್ಟಾ.

ನನ್ನ ಕಣ್ಣಿನ ಆಪರೇಷನ್ನಿಗೆ ನಿನ್ನ ಆಸ್ಪತ್ರೆಗೆ ಬಂದಿದ್ದಾಗ ನೋಡಿದೆ. ಪಕ್ಕದ ಮಂಚದ ಮುದುಕ ಸೂಜಿ ಬೇಡವೆಂದು ಎಲ್ಲರಿಗೂ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದ. ನೀನು ಅವನ ಮಂಚದ ಮೇಲೇ ಕೂತು, “ಇಷ್ಟೇನಾ ತಾತ, ಹೊಸಾದೇನೂ ಇಲ್ವಾ?” ಎಂದು ಕೇಳಿದೆ. ಮುದುಕ ನಗುತ್ತಾ ತೋಳು ಚಾಚಿದ. ಒಂದು ಕಣ್ಣಿಗೆ ಪಟ್ಟಿ ಇದ್ದರೂ ನನಗೆ ಚೆನ್ನಾಗಿ ಕಂಡಿತು. ನೀನು ಬರುವವನಲ್ಲ. ನೀನು ಈ ಮನೆಯಲ್ಲಿ ಓಡಾಡಿಕೊಂಡಿರಬೇಕೆಂದು ನನಗೆ ಆಸೆ ಇಲ್ಲವೇ? ಸಂಜೆಯ ಹೊತ್ತು ಗೇಟಿನ ಸದ್ದಾದರೆ ಈಗಲೂ ತಿರುಗಿ ನೋಡುತ್ತೇನೆ. ಅದು ನನ್ನ ಹಣೆಬರಹ, ಬಿಡು. ಅದಕ್ಕೆ ಕಾರ್ಖಾನೆ ಯಾಕೆ ಕಾಯಬೇಕು?

ನೂರು ಕಾಲ ಬಾಳು. ನಿನ್ನ ಕೈ ತಾಗಿದವರೆಲ್ಲ ಎದ್ದು ಓಡಾಡಲಿ. ಜೊತೆಯ ನರ್ಸುಗಳಿಗೆಲ್ಲ ನನ್ನ ನೆನಪು ಹೇಳು, ಆಪರೇಷನ್ನಿಗೆ ಬಂದಾಗ ನನಗೆ ಬೈದ ಆ ಹಿರಿಯ ನರ್ಸಮ್ಮನಿಗೆ ಹೇಳದಿದ್ದರೂ ನಡೆಯುತ್ತದೆ.

ಇಂತಿ,
ಪ್ಯಾಕಿಂಗ್ ಮೂಲೆಯ ಸ್ಟೂಲಿನಿಂದ
ನಿನ್ನ ಅಜ್ಜಿ

ಮರೆತಿದ್ದೆ: ಕತ್ತರಿ ಬರುವುದು ಶನಿವಾರದವರೆಗೆ ಮಾತ್ರ. ಕಾಗದ ಕೈಸೇರಿದ ದಿನವೇ ನಿನ್ನಪ್ಪನಿಗೆ ಫೋನ್ ಮಾಡಿ ಬರುವುದಿಲ್ಲ ಎಂದು ಹೇಳು. ಕಾರಣ ಪೋಣಿಸಬೇಡ, ಬೇರೆ ಮಾತು ಬೆರೆಸಬೇಡ. ಅವನು ಸುಮ್ಮನಾದರೆ ಗಾಬರಿಯಾಗಬೇಡ, ಅತ್ತರೆ ಅಳಲಿ, ಪಕ್ಕದಲ್ಲಿ ನಾನು ಕೂತಿರುತ್ತೇನೆ. ನೀನು ಮಾತ್ರ ಅವನಿಗಿಂತ ಮೊದಲು ಫೋನ್ ಇಡಬೇಡ.