ಮಾವನಿಗೆ ಗೊತ್ತಿದ್ದ ಮೋಟಾರು

ಹುಂಚ
14-9-2025, ಭಾನುವಾರ

ಮುದ್ದಿನ ಜಿನಶ್ರೀಗೆ, ನಿನ್ನ ಒಬ್ಬನೇ ಒಬ್ಬ ಸೋದರಮಾವ ಜಿನಚಂದ್ರನ ಆಶೀರ್ವಾದ.

ಕೆಮ್ಮು ಹೋಯ್ತಾ? ಹಾಸ್ಟೆಲಿನ ಸಾರಿಗೆ ಈಗಲಾದರೂ ಉಪ್ಪು ಹಾಕುತ್ತಾರಾ? ನಾನು ಗಟ್ಟಿಯಾಗಿದ್ದೇನೆ. ಮೊನ್ನೆ ರಿಪ್ಪನ್‌ಪೇಟೆಯ ಇಬ್ಬರು ಮೆಕ್ಯಾನಿಕ್‌ಗಳು ಕೈಬಿಟ್ಟ ಪಂಪನ್ನು ಹತ್ತೇ ನಿಮಿಷದಲ್ಲಿ ಓಡಿಸಿ ಬಂದೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಸಂಜೆಯಾದರೆ ಫೋನು ನಿನ್ನ ಶೀಲತ್ತೆಯ ಕಿವಿಗೆ ಅಂಟಿರುತ್ತದೆ. ಅದಕ್ಕೇ ಕಾಗದ.

ನಿನ್ನೆ ಸಾಗರದ ನಿಮ್ಮ ಸಮುದಾಯ ಕಾಲೇಜಿನ ಪೋಷಕರ ಸಭೆಗೆ, ನಿನ್ನಪ್ಪನ ಬದಲು ಇಸ್ತ್ರಿ ಅಂಗಿ ತೊಟ್ಟು ನಾನೇ ಬಂದಿದ್ದೆ. ಎಲೆಕ್ಟ್ರಿಕಲ್ ಕ್ಲಾಸಿನ ನೀವೆಲ್ಲ ವರ್ಕ್‌ಶಾಪಿನಲ್ಲಿದ್ದಿರಿ. ಕಲಿಕೆಯಲ್ಲಿ ತೊಡಗುವುದು ಅಂದರೆ ಏನು ಅಂತ ಮೇಷ್ಟ್ರು ನಿಮ್ಮಿಂದ ಚೀಟಿ ಬರೆಸಿದ್ದರಂತಲ್ಲ, ಅವನ್ನು ಹೆಸರಿಲ್ಲದೆ ಓದಿದರು. ಒಬ್ಬನಿಗೆ ಅದು ಹಾಜರಿ, ಇನ್ನೊಬ್ಬಳಿಗೆ ಮುಂದಿನ ಬೆಂಚು. ಒಬ್ಬ ಪುಣ್ಯಾತ್ಮ 'ನಿದ್ದೆ ಬಂದರೂ ಕಣ್ಣು ಬಿಟ್ಟಿರುವುದು' ಎಂದು ಬರೆದಿದ್ದ; ಜೋರಾಗಿ ನಕ್ಕೆ. ಆಮೇಲಿನ ಚೀಟಿ: 'ಕ್ಲಾಸಿನಲ್ಲಿ ಎಲ್ಲರ ಜೊತೆ ತಲೆಯಾಡಿಸುತ್ತೇನೆ. ಸಂಜೆ ಹುಂಚದ ಅತ್ತೆಗೆ ಫೋನಿನಲ್ಲಿ ಪಾಠ ಹೇಳುವಾಗ ಅವರು ಯಾಕೆ ಅಂತಾರೆ. ಉತ್ತರ ಬರದಿದ್ದರೆ ಮರುದಿನ ಮೇಷ್ಟ್ರನ್ನು ಕೇಳುತ್ತೇನೆ. ನನಗೆ ತೊಡಗುವುದು ಅಂದರೆ ಅದು.' ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಶಬ್ದ ಬರದ ಹಾಗೆ. ನಿನಗೆ ಮುಖ ತೋರಿಸದೆ ಬಸ್ಸು ಹತ್ತಿದ್ದು ಅದಕ್ಕೇ.

ಅತ್ತೆಯಂತೆ! ನಿನಗೆ ಟೆಸ್ಟರ್ ಹಿಡಿಯಲು ಕಲಿಸಿದವನು ಯಾರು? ಈ ಊರಿನ ಅರ್ಧ ಮೋಟಾರುಗಳ ಹೊಟ್ಟೆ ಬಿಚ್ಚಿದವನು ಯಾರು? ಅವಳಿಗೆ ಫ್ಯೂಸು ಹಾಕಲೂ ನಾನೇ ಬೇಕು. ಮನೆಗೆ ಬಂದು ಕೂಗಾಡಿದರೆ, "ಹುಡುಗಿ ಮೊದ್ಲು ನಿಮ್ಮ ಹತ್ರಾನೇ ಬಂದಿದ್ಲು ಕಣ್ರೀ. 'ಅದೆಲ್ಲ ನೀ ಹುಟ್ಟೋ ಮುಂಚೇನೇ ನಂಗೊತ್ತು' ಅಂದ್ರಿ. ಗೊತ್ತಿರೋರಿಗೆ ಅವಳೇನು ಹೇಳ್ತಾಳೆ?" ಎಂದು ನಗುತ್ತಾ ಒಳಗೆ ಹೋದಳು. ನೀವಿಬ್ಬರೂ ಮಾತಾಡುವಷ್ಟು ಹೊತ್ತು ನಾನು ಕಿಟಕಿಯಾಚೆ ಸ್ಕೂಟರು ಒರೆಸುತ್ತಿರುತ್ತೇನೆ. ಒರೆಸಿ ಒರೆಸಿ ಅದರ ಬಣ್ಣವೇ ಹೋಯಿತು.

ಪದ್ಮಾವತಿ ಅಮ್ಮನವರು ನಿನ್ನ ಕೈಗೆ ಶಾಕ್ ತಾಗದಂತೆ ಕಾಯಲಿ.

ಏಳನೇ ಕ್ಲಾಸಿನಲ್ಲಿ ಶಾಲೆಗೇ ಮೊದಲಿಗನಾಗಿದ್ದ
ನಿನ್ನ ಜಿನಚಂದ್ರ ಮಾವ

ತಾ.ಕ.: ಆ ಪಂಪಿನ ವಿಷಯ. ಕೆಪಾಸಿಟರ್ ಬದಲಿಸಿದೆ, ಓಡಿತು. ಮೂವತ್ತು ವರ್ಷದಿಂದ ಬದಲಿಸುತ್ತಿದ್ದೇನೆ. ಅದು ಕೆಟ್ಟರೆ ಮೋಟಾರು ಬರೀ ಗುಂಯ್‌ಗುಡುತ್ತದೆ, ತಿರುಗುವುದಿಲ್ಲ. ಯಾಕೆ? ನನಗೆ ಗೊತ್ತಿಲ್ಲ ಮಗಳೇ. ಬುಧವಾರ ಸಂಜೆ ಫೋನನ್ನು ನನ್ನ ಕೈಗೆ ಕೊಡಿಸು. ಅತ್ತೆಗೆ ಇದನ್ನು ಆಗಲೇ ಹೇಳಿಕೊಟ್ಟಿದ್ದರೆ, ಇಲ್ಲ ಅಂತ ಒಂದು ಸುಳ್ಳು ಹೇಳು.