ಗೋಡೆಯೊಳಗೆ ತಂತಿಯೇ ಇಲ್ಲದಿದ್ದರೆ ಲಿನಕ್ಸ್ ಏನು ಮಾಡೀತು?

ಮಾನ್ಯರೇ, ಜಿಲ್ಲಾ ಆರೋಗ್ಯ ಕಚೇರಿಯ ಗಣಕ ವಿಭಾಗದ ಮುಖ್ಯಾಧಿಕಾರಿಗಳೇ, ಅಂತರ್ಜಾಲದ ಅಧಿಪತಿಗಳೇ,

ಕಪಂದಾ ಆರೋಗ್ಯ ಕೇಂದ್ರದ ಔಷಧಿ ಉಗ್ರಾಣದಲ್ಲಿ ಈ ಹೊತ್ತು ಮಲೇರಿಯಾ ಚುಚ್ಚುಮದ್ದಿನ ಒಂದೇ ಒಂದು ಸೀಸೆ ಉಳಿದಿದೆ. ಜ್ವರ ನೆತ್ತಿಗೇರಿದ ಒಂದು ಮಗುವಿಗೆ ಮೂರು ಬೇಕು. ಮಳೆ ಶುರುವಾಗಿ ಹತ್ತು ದಿನವಾಯಿತು. ನಮ್ಮ ಬೇಡಿಕೆ ಪಟ್ಟಿ ತಮ್ಮ ಕಂಪ್ಯೂಟರಿಗೆ ತಲುಪಿಲ್ಲ. ತಲುಪದಿರುವುದಕ್ಕೆ ಕಾರಣ ನಾನು ಹಾಕಿದ "ಅನಧಿಕೃತ ಲಿನಕ್ಸ್" ಎಂದು ತಾವು ಮೊಹರು ಒತ್ತಿ ತೀರ್ಪು ಬರೆದಿದ್ದೀರಿ. ನಾನು ತಮಗೆ ಖಾಸಗಿಯಾಗಿ ಬರೆದ ಮೂರು ಪತ್ರಗಳಿಗೆ ಉತ್ತರವಿಲ್ಲ. ಆದ್ದರಿಂದ ಇದನ್ನು ಊರೆಲ್ಲ ಓದಲಿ.

ಕೇಂದ್ರದ ಹಳೆಯ ಕಂಪ್ಯೂಟರಿನ ವಿಂಡೋಸ್ ವೈರಸ್ ತಗುಲಿ ಸತ್ತಿತು. ಹೊಸದು ಕೊಡಿ ಎಂದೆ. ಮುಂದಿನ ವರ್ಷ ನೋಡೋಣ ಎಂದಿರಿ. ಸೊಳ್ಳೆಗಳು ಮುಂದಿನ ವರ್ಷದವರೆಗೆ ಕಾಯುವುದಿಲ್ಲವಾದ್ದರಿಂದ ಪೆನ್ ಡ್ರೈವಿನಿಂದ ವಿಂಡೋಸಿನ ಜಾಗಕ್ಕೆ ಲಿನಕ್ಸ್ ಹಾಕಿದೆ. ಅರ್ಧ ಗಂಟೆಯಲ್ಲಿ ಯಂತ್ರ ಎದ್ದು ಕೂತಿತು. ಐದು ವರ್ಷದ ಹಿಂದೆ ಅಂತರ್ಜಾಲಕ್ಕೆಂದು ತಾವು ಉದ್ಘಾಟನೆ ಮಾಡಿಸಿದ ಗೋಡೆಯ ಪೆಟ್ಟಿಗೆಗೆ ನೀಲಿ ಕೇಬಲ್ ಚುಚ್ಚಿದೆ. ಪರದೆ ಹೇಳಿತು: ಕೇಬಲ್ ಜೋಡಿಸಿಲ್ಲ. ತೆಗೆದು ಮತ್ತೆ ಚುಚ್ಚಿದೆ. ಜೋಡಿಸಿಲ್ಲ. ತಮ್ಮ ಕಚೇರಿಗೆ ಫೋನು ಮಾಡಿದೆ. ಎತ್ತಿದವರು ತಮ್ಮ ಸಹಾಯಕರು.

"ಏನ್ ಹಾಕಿದೀರಿ?"

"ಲಿನಕ್ಸ್ ಸಾರ್."

"ಅಯ್ಯೋ ದೇವರೇ! ಅದು ಪುಕ್ಕಟೆ ಸಿಗೋದಲ್ವೇನ್ರೀ? ಪುಕ್ಕಟೆ ಬಂದಿದ್ದು ಪುಕ್ಕಟೆ ಕೆಲಸ ಮಾಡುತ್ತಾ? ತೆಗೆದು ಬಿಸಾಕಿ, ಆಮೇಲೆ ಮಾತಾಡಿ."

ಫೋನಿಟ್ಟರು. ಅಲ್ಲಿಗೆ ತಮ್ಮ ವಿಭಾಗದ ತಪಾಸಣೆ ಸಂಪೂರ್ಣ! ಆಹಾ, ಎಂಥ ವೈದ್ಯರು! ರೋಗಿಯ ನಾಡಿ ಹಿಡಿಯದೆ, ಮುಖ ನೋಡದೆ, ಅಂಗಿಯ ಬಣ್ಣ ಕೇಳಿ ರೋಗ ಹೇಳುವವರು!

ನಾನು ಮಾಡಿದ್ದನ್ನು ಕೇಳುವಿರಾ, ಸ್ವಾಮಿ? ಯಂತ್ರಕ್ಕೆ ತನ್ನ ನೆಟ್‌ವರ್ಕ್ ಕಾರ್ಡು ಕಾಣುತ್ತದೆಯೇ ಎಂದು ಆಜ್ಞೆ ಬರೆದು ಕೇಳಿದೆ. ಕಾಣುತ್ತದೆ ಎಂದಿತು. ಅದನ್ನು ನಡೆಸುವ ಡ್ರೈವರ್ ಇದೆಯೇ? ಇದೆ ಎಂದಿತು. ಮತ್ತೇಕೆ ಮೌನ? ಆ ತುದಿಯಿಂದ ಸಂಜ್ಞೆಯೇ ಬರುತ್ತಿಲ್ಲ ಎಂದಿತು. ಯಂತ್ರದ ಮಾತನ್ನೂ ನಂಬದೆ, ನಮ್ಮ ದಾದಿ ಸಿಸ್ಟರ್ ತೆಮ್ವಾ ಅವರ ಲ್ಯಾಪ್‌ಟಾಪ್ ತರಿಸಿ, ಅದೇ ನೀಲಿ ಕೇಬಲಿನಿಂದ ಎರಡನ್ನೂ ನೇರವಾಗಿ ಜೋಡಿಸಿದೆ. ಹಸಿರು ದೀಪ ಹತ್ತಿತು! ಎರಡೂ ಯಂತ್ರಗಳು ಬಹಳ ದಿನಕ್ಕೆ ಸಿಕ್ಕ ಅಕ್ಕತಂಗಿಯರ ಹಾಗೆ ಮಾತಾಡತೊಡಗಿದವು. ಅಂದರೆ ಕೇಬಲ್ ಸರಿ, ಕಾರ್ಡು ಸರಿ, ತಾವು ಬಿಸಾಕಲು ಹೇಳಿದ ಲಿನಕ್ಸೂ ಸರಿ. ಉಳಿದ ಆರೋಪಿ ಯಾರು? ಗೋಡೆ.

ಹೋಗಲಿ, ಕಾಗದದ ಮೇಲೆ ಬರೆದು ಕಳಿಸುತ್ತೇನೆ ಎಂದುಕೊಂಡು ಬೇಡಿಕೆ ಪಟ್ಟಿಯನ್ನು ಮಿನಿಬಸ್ಸಿನಲ್ಲಿ ಕಳಿಸಿದೆ. ಅದು ಮರುದಿನವೇ ಮರಳಿ ಬಂತು. ಮೇಲೆ ಕೆಂಪು ಶಾಯಿಯಲ್ಲಿ ತಮ್ಮದೇ ಒಕ್ಕಣೆ: "ಕಪಂದಾ ಕೇಂದ್ರವು ತಂತಿ ಸಂಪರ್ಕ ಹೊಂದಿದ ಕೇಂದ್ರಗಳ ಪಟ್ಟಿಯಲ್ಲಿದೆ. ಅಂಥ ಕೇಂದ್ರಗಳಿಂದ ಕಾಗದದ ಬೇಡಿಕೆ ಸ್ವೀಕರಿಸಲಾಗದು." ಓದಿದ ಸಿಸ್ಟರ್ ತೆಮ್ವಾ ಬಾಗಿಲಿಗೊರಗಿ ನಕ್ಕುಬಿಟ್ಟರು. "ಖುಂಬೊ, ನಾವು ತುಂಬಾ ಮುಂದುವರಿದುಬಿಟ್ಟಿದೀವಿ ಕಣೋ. ಇಷ್ಟು ಮುಂದುವರಿದೋರಿಗೆ ಜ್ವರ ಬರಬಾರ್ದು."

ನನಗಿಂತ ಮೊದಲು ಉಗ್ರಾಣ ನೋಡಿಕೊಳ್ಳುತ್ತಿದ್ದ, ಈಚೆಗಷ್ಟೇ ಸರೋವರದ ಕಡೆ ವರ್ಗವಾದ ಗೊಂಡ್ವೆಯವರಿಗೆ ಫೋನು ಮಾಡಿದೆ. "ಗೊಂಡ್ವೆ ಅಣ್ಣಾ, ನೀವಿದ್ದಾಗ ಗೋಡೆ ಪೆಟ್ಟಿಗೆ ಕೆಲಸ ಮಾಡ್ತಿತ್ತಲ್ಲ?"

"ಯಾವ ಪೆಟ್ಟಿಗೆ? ಉದ್ಘಾಟನೆ ದಿನದ್ದಾ? ಅದನ್ನ ನಾನು ಮುಟ್ಟೇ ಇಲ್ವಲ್ಲೋ! ಐದು ವರ್ಷ ಪಟ್ಟಿ ಕಳಿಸಿದ್ದು ನನ್ನ ಸ್ವಂತ ಸಿಮ್ ಮೋಡೆಮ್ಮಿನಿಂದ, ಅದು ನನ್ ಜೊತೇನೇ ಇಲ್ಲಿಗೆ ಬಂತು."

"ಮತ್ತೆ ಉದ್ಘಾಟನೇಲಿ ಅತಿಥಿಗಳು ಕೇಬಲ್ ಚುಚ್ಚಿದ ತಕ್ಷಣ ಪರದೆ ಮೇಲೆ ಅಂತರ್ಜಾಲ ಬಂತಂತೆ?"

"ಹೆಹ್ಹೆ! ಅದು ಮೊದಲೇ ಉಳಿಸಿಟ್ಟಿದ್ದ ಚಿತ್ರ ಕಣಯ್ಯಾ. ಅವರು ಚುಚ್ಚಿದ್ರು, ನಾನು ಗುಂಡಿ ಒತ್ತಿದೆ. ಜನ ಚಪ್ಪಾಳೆ ಹೊಡೆದ್ರು."

"ಅವತ್ತೇ ಹೇಳೋಕೇನಾಗಿತ್ತು ನಿಮಗೆ?"

"ಮೇಕೆ ಮಾಂಸ ಬಡಿಸ್ತಿದ್ರಪ್ಪಾ. ಯಾರು ಬಾಯಿ ಬಿಡ್ತಾರೆ?"

ನಾನು ಸ್ಕ್ರೂಡ್ರೈವರ್ ತಂದೆ. ಎರಡು ತಿರುಪು ಬಿಚ್ಚಿದೆ. ಪೆಟ್ಟಿಗೆ ಕೈಗೆ ಬಂತು. ಹಿಂದೆ ತಂತಿಯಿಲ್ಲ! ತೂತೂ ಇಲ್ಲ! ಬರೀ ಸಿಮೆಂಟಿನ ಗಿಲಾವು! ಮಾನ್ಯರೇ, ನಾಟಕದ ಪರದೆಯ ಮೇಲೆ ಅರಮನೆಯ ಬಾಗಿಲು ಬರೆಯುತ್ತಾರೆ, ಸರಿ. ಆದರೆ ಆ ಬಾಗಿಲಿನಿಂದ ಸೈನ್ಯ ಬರಲಿಲ್ಲವೆಂದು ಸೇನಾಪತಿಯನ್ನು ಬೈಯುವ ರಾಜನನ್ನು ಯಾವ ನಾಟಕದಲ್ಲೂ ನಾನು ನೋಡಿರಲಿಲ್ಲ. ಆ ಪಾತ್ರವನ್ನು ತಾವು ನಿರ್ವಹಿಸಿದಿರಿ.

ನಮ್ಮ ಜನರ ಮರ್ಯಾದೆಯೂ ಇಂಥದೇ, ಒಪ್ಪುತ್ತೇನೆ. ಮುಖ್ಯ ಅತಿಥಿ ಬಂದರೆ ಇಂಗೋಮಾ ಕುಣಿಯುತ್ತೇವೆ, ನ್ಸಿಮಾ ಮುದ್ದೆ ಬೇಯಿಸುತ್ತೇವೆ. ಅವರು ಕೈ ಮುಟ್ಟಿಸಿದ್ದೆಲ್ಲ ಅಲ್ಲಿಗೆ ಪೂರ್ಣವಾಯಿತೆಂದು ನಂಬುತ್ತೇವೆ. ಅತಿಥಿ ಮುಟ್ಟಿದ್ದನ್ನು ಆಮೇಲೆ ಬಿಚ್ಚಿ ನೋಡುವುದು ಅಪಚಾರ. ಹಳ್ಳಿಯವರು ಹಾಗೆ ನಂಬಿದರೆ ಸೌಜನ್ಯವೆನ್ನೋಣ. ಕಾಮಗಾರಿ ಮುಗಿದಿದೆಯೆಂದು ಸಹಿ ಹಾಕಲು ಸಂಬಳ ಪಡೆಯುವವರು ನಂಬಿದರೆ ಏನೆನ್ನೋಣ? ಐದು ವರ್ಷದಲ್ಲಿ ಒಮ್ಮೆಯಾದರೂ ತಮ್ಮ ಕಡೆಯ ತುದಿಯಲ್ಲಿ ಕಪಂದಾದ ದೀಪ ಹತ್ತಿದೆಯೇ ಎಂದು ಕತ್ತೆತ್ತಿ ನೋಡಿದಿರಾ? ಕತ್ತು ನೋಯುತ್ತಿತ್ತೇ?

ಕಳೆದ ಮಂಗಳವಾರ ಬೆಳಗ್ಗೆ ಲುಸುಂಗು ಎಂಬ ತಾಯಿ ಎರಡು ವರ್ಷದ ಮಗಳು ವೆಜಿಯನ್ನು ಸೈಕಲ್ ಟ್ಯಾಕ್ಸಿಯಲ್ಲಿ ತಂದರು. ಮಗು ಸೆಟೆದುಕೊಂಡಿತ್ತು. ಆಗ ನಮ್ಮಲ್ಲಿ ನಾಲ್ಕು ಸೀಸೆಗಳಿದ್ದವು. ಮೂರು ವೆಜಿಗೆ ಹೋದವು. ಬುಧವಾರ ಆ ಮಗು ಕಣ್ಣು ಬಿಟ್ಟು ಗಂಜಿ ಕೇಳಿತು. ಲುಸುಂಗು ನನ್ನ ಕೈ ಹಿಡಿದು, "ನಮ್ಮ ಪಕ್ಕದ ಮನೆ ಮಗೂಗೂ ಮೈ ಸುಡ್ತಿದೆ ಅಣ್ಣಾ, ಜಾಸ್ತಿಯಾದ್ರೆ ಕರ್ಕೊಂಡ್ ಬರೋಕೆ ಹೇಳ್ಲಾ?" ಎಂದರು. ನಾನು ತಲೆಯಾಡಿಸಿದೆ. ಒಳಗೆ ಬಂದ ಮೇಲೆ ಸಿಸ್ಟರ್ ತೆಮ್ವಾ ನಗಲಿಲ್ಲ. "ಹೂಂ ಅಂದ್ಯಲ್ಲ, ಒಂದು ಸೀಸೆ ಇಟ್ಕೊಂಡು ಏನ್ ಮಾಡ್ಲಿ? ಮೂರರಲ್ಲೊಂದು ಭಾಗ ಮಗುವನ್ನ ಉಳಿಸ್ಲಾ?"

ತಾವು ಗಣಕ ತಜ್ಞರು; ಈ ಲೆಕ್ಕ ತಾವೇ ಬಿಡಿಸಿ.

ಪ್ರತಿ ಗುರುವಾರ ಔಷಧಿಯ ಲಾರಿ ನಮ್ಮ ಅಂಗಳದ ಮುಂದಿನಿಂದಲೇ ಹಾದು, ಹನ್ನೆರಡು ಕಿಲೋಮೀಟರ್ ಆಚೆಯ ಕೇಂದ್ರಕ್ಕೆ ಹೋಗುತ್ತದೆ. ಆ ಕೇಂದ್ರಕ್ಕೆ ಗೋಡೆಯ ಪೆಟ್ಟಿಗೆ ಸಿಕ್ಕಿಲ್ಲ, ಯಾವ ಅತಿಥಿಯೂ ಬಂದಿಲ್ಲ, ಯಾರೂ ಕುಣಿದಿಲ್ಲ. ಹಾಗಾಗಿ ಅವರ ಕಾಗದದ ಪಟ್ಟಿ ತಮಗೆ ಸ್ವೀಕಾರಾರ್ಹ, ಅವರಿಗೆ ಪೆಟ್ಟಿಗೆಗಟ್ಟಲೆ ಚುಚ್ಚುಮದ್ದು.

ತಾವು ತಂತಿ ಎಳೆಸಬೇಡಿ. ಅಷ್ಟು ದೊಡ್ಡದನ್ನು ತಮ್ಮಿಂದ ಕೇಳುವ ಮೂರ್ಖ ನಾನಲ್ಲ. ತನಿಖೆ ಬೇಡ, ಕ್ಷಮೆ ಬೇಡ, ಲಿನಕ್ಸಿನ ಮೇಲಿನ ಆರೋಪವನ್ನೂ ಚೌಕಟ್ಟು ಹಾಕಿಸಿ ಇಟ್ಟುಕೊಳ್ಳಿ. ನಾನು ಕೇಳುವುದು ಒಂದು ಗೆರೆ. ತಮ್ಮ ಪಟ್ಟಿಯಲ್ಲಿ ಕಪಂದಾ ಎಂಬ ಹೆಸರಿನ ಮೇಲೆ, ಅದೇ ಕೆಂಪು ಶಾಯಿಯಲ್ಲಿ, ಒಂದು ಗೆರೆ ಎಳೆಯಿರಿ. ನಮ್ಮನ್ನು ಹಿಂದುಳಿದವರೆಂದು ಘೋಷಿಸಿ. ಈ ಗುರುವಾರ ಲಾರಿ ಇಲ್ಲಿ ನಿಲ್ಲಲಿ.

ಇಂತಿ,
ತಮ್ಮ ದಾಖಲೆಯ ಪ್ರಕಾರ ತಮ್ಮೊಡನೆ ಸದಾ ಸಂಪರ್ಕದಲ್ಲಿರುವ,
ಖುಂಬೊ ಚಿರಾಂಬೊ
ಔಷಧಿ ಉಗ್ರಾಣ ಪಾಲಕ (ಸೀಸೆ ಒಂದು)