ನಿನ್ನ ಅತ್ತಿಗೆ ಬಿದ್ದ ದಿನ

ಜೂನ್ ೧೪, ಭಾನುವಾರ

ಪ್ರೀತಿಯ ಪುಟ್ಟಿ,

ನಿನ್ನ ಎರಡು ಕಾಗದಗಳೂ ಬಂದಿವೆ. ಉತ್ತರ ಬರೆಯಲು ಒಂದು ತಿಂಗಳು ತಡಮಾಡಿದ್ದಕ್ಕೆ ಬೈಯಬೇಡ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಹರಿದುಹಾಕಿದೆ. ಅಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ನಿನ್ನ ಅತ್ತಿಗೆ ಆಸ್ಪತ್ರೆಯಿಂದ ಮನೆಗೆ ಬಂದು ಹದಿನೆಂಟು ದಿನವಾಯಿತು. ಸೊಂಟದ ಮೂಳೆಗೆ ಹಾಕಿದ ರಾಡು ಚೆನ್ನಾಗಿ ಕೂತಿದೆಯಂತೆ. ವಾಕರ್ ಹಿಡಿದು ಅಡುಗೆಮನೆಯ ಬಾಗಿಲವರೆಗೆ ಹೋಗುತ್ತಾಳೆ, ಅಲ್ಲಿ ನಿಂತು ನನ್ನ ಅಡುಗೆಯಲ್ಲಿ ತಪ್ಪು ಹುಡುಕುತ್ತಾಳೆ. ಬಾಯಿಗೆ ಏನೂ ಪೆಟ್ಟಾಗಿಲ್ಲ, ಚಿಂತೆ ಮಾಡಬೇಡ. ನೆಮ್ಮದಿಯಿಲ್ಲದಿರುವುದು ನನಗೆ. ಇನ್ನೊಂದು ಸಲ ಬೀಳಲೇಬಾರದು ಎಂದು ಡಾಕ್ಟರು ಹೇಳಿ ಕಳಿಸಿದ ಮೇಲೆ, ಒಳಗೆ ಪಾತ್ರೆ ಸದ್ದಾದರೂ ಕೈಯಲ್ಲಿದ್ದುದನ್ನು ಬಿಟ್ಟು ಎದ್ದು ಹೋಗುತ್ತೇನೆ. ಚಾಪೆಗಳನ್ನೆಲ್ಲ ಸುತ್ತಿ ಮಂಚದಡಿಗೆ ತಳ್ಳಿದ್ದೇನೆ. ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸಿದ್ದೇನೆ. ದಿನಕ್ಕೆ ಹತ್ತು ಸಲ ಅದನ್ನು ಎಳೆದು ನೋಡುತ್ತೇನೆ.

ಸೋಮವಾರ, ಗುರುವಾರ ವ್ಯಾಯಾಮ ಮಾಡಿಸಲು ಆಸ್ಪತ್ರೆಯಿಂದ ಒಬ್ಬಳು ಹುಡುಗಿ ಬರುತ್ತಾಳೆ. ನಿನ್ನ ಮಗಳ ವಯಸ್ಸು. ಕಳೆದ ಗುರುವಾರ ನನ್ನನ್ನೂ ಒಂದು ಕಾಲೆತ್ತಿ ನಿಲ್ಲಲು ಹೇಳಿದಳು. ನಾನು ನಕ್ಕೆ. ಮೂವತ್ತನಾಲ್ಕು ವರ್ಷ ಲೈನ್‌ಮನ್ ಆಗಿ ಕರೆಂಟು ಕಂಬ ಹತ್ತಿದವನು, ಗಾಳಿಯಲ್ಲೂ ಮೇಲೆ ನಿಂತು ತಂತಿ ಬಿಗಿದವನು ಎಂದು ಜಂಬ ಕೊಚ್ಚಿಕೊಂಡೆ. ಎತ್ತಿದ ಕಾಲು ನಾಲ್ಕು ಎಣಿಸುವುದರೊಳಗೆ ನೆಲಕ್ಕೆ ಬಂತು. ಅವಳು ತೋಳು ಹಿಡಿಯದಿದ್ದರೆ ತಲೆ ಕಪಾಟಿಗೆ ಬಡಿಯುತ್ತಿತ್ತು.

ಅವಳು ನಗಲಿಲ್ಲ. ಪಾದಗಳನ್ನು ಮುಟ್ಟಿ ನೋಡಿದಳು. ಸಕ್ಕರೆ ಕಾಯಿಲೆಯಿಂದ ಅಂಗಾಲು ಜೋಮು ಹಿಡಿದಂತಾಗಿದೆ, ತೊಡೆಯ ಬಲವೂ ಕುಗ್ಗಿದೆ, ಬಿಡದೆ ಅಭ್ಯಾಸ ಮಾಡಿದರೆ ಸುಧಾರಿಸಬಹುದು ಎಂದಳು. ಆಮೇಲೆ ಕೇಳಿದಳು: "ಈ ವರ್ಷ ಎಲ್ಲಾದ್ರೂ ಬಿದ್ದಿದ್ರಾ, ಅಂಕಲ್?"

ನಾನು ಬಾಯಿ ತೆರೆಯುವ ಮೊದಲೇ ನಿನ್ನ ಅತ್ತಿಗೆ ಮಂಚದಿಂದ ಹೇಳಿದಳು: "ಇಲ್ಲಮ್ಮ. ಅವರು ಯಾವತ್ತೂ ಬಿದ್ದಿಲ್ಲ."

ಹುಡುಗಿ ಅದನ್ನೇ ಬರೆದುಕೊಂಡಳು.

ಈಗ ನನಗೂ ವ್ಯಾಯಾಮ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳುತ್ತೇನೆ, ಗೋಡೆಯ ಪಕ್ಕದಲ್ಲಿ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯುತ್ತೇನೆ. ಲೆಕ್ಕ ನಿನ್ನ ಅತ್ತಿಗೆಯದು. ನಾನು ಏಳು ಎಂದರೆ ಅವಳು ಆರು ಎನ್ನುತ್ತಾಳೆ. ಹೊರಗೆ ಹೋದಾಗ ಗೋಡೆ ಎಲ್ಲಿ ಮುಗಿಯುತ್ತದೆಂದು ನೋಡಿಕೊಂಡೇ ಹೆಜ್ಜೆ ಇಡುತ್ತೇನೆ.

ನಿನ್ನ ಮನೆಯವರಿಗೆ ನಮಸ್ಕಾರ ತಿಳಿಸು. ಮಕ್ಕಳು ನೂರು ಕಾಲ ಚೆನ್ನಾಗಿರಲಿ. ನೀನೂ ಮೆಟ್ಟಿಲಿಳಿಯುವಾಗ ಅವಸರ ಮಾಡಬೇಡ.

ನಿನ್ನ ಅಣ್ಣ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಅಂಚೆ ಕಚೇರಿಯ ಮೆಟ್ಟಿಲಲ್ಲಿ ಅವಳು ಜಾರಿ ಬಿದ್ದಳೆಂದು ನಿಮಗೆಲ್ಲ ಹೇಳಿದೆವಲ್ಲ, ಅದು ಸುಳ್ಳು. ಆಯ ತಪ್ಪಿದ್ದು ನಾನು. ಕೈಗೆ ಸಿಕ್ಕ ಅವಳ ಭುಜ ಹಿಡಿದು, ಅವಳನ್ನೂ ಎಳೆದುಕೊಂಡು ಅವಳ ಮೇಲೇ ಬಿದ್ದೆ. ನನಗೆ ಒಂದು ಗೀರೂ ಆಗಲಿಲ್ಲ. ಅದಕ್ಕೂ ಮೊದಲು ಎರಡು ಸಲ ಮನೆಯಲ್ಲೇ ಬಿದ್ದಿದ್ದೆ, ಅವಳಿಂದಲೂ ಮುಚ್ಚಿಟ್ಟಿದ್ದೆ. ಹೇಳಿದ್ದರೆ ಅವತ್ತು ಕೋಲು ಹಿಡಿದು ಹೋಗುತ್ತಿದ್ದೆನೇನೋ. ಆಂಬುಲೆನ್ಸಿನಲ್ಲಿ ಅಷ್ಟು ನೋವಿನಲ್ಲೂ ಅವಳು, "ನಾನೇ ಜಾರಿದೆ ಅಂತೀನಿ, ನೀವು ಸುಮ್ನಿರಿ" ಅಂದಳು. ಸುಮ್ಮನಿದ್ದೆ. ನಾಳೆ ಆ ಹುಡುಗಿಗೆ ನಿಜ ಹೇಳುತ್ತೇನೆ. ಇವತ್ತು ಬೆಳಿಗ್ಗೆ ಎದ್ದು ನಿಲ್ಲಲು ನಿನ್ನ ಅತ್ತಿಗೆ ನನ್ನ ಭುಜಕ್ಕೆ ಕೈ ಚಾಚಿದಳು. ನಾನು ಹಿಂದೆ ಸರಿದುಬಿಟ್ಟೆ, ಪುಟ್ಟಿ.